ತೀವ್ರ ಬಲಪಂಥವೂ ಅದರ ಮತದಾರನೂ

೧. ಪ್ರಶ್ನೆ

ಚುನಾವಣೆಯಲ್ಲಿ ಕೊಡುವ ಮತವು ಗೋಪ್ಯವಾದುದು. ಮತಪತ್ರದ ಮೇಲೆ ಕೊಟ್ಟವನ ಹೆಸರಿರುವುದಿಲ್ಲ. ಅವನ ಕಸಬು, ಧರ್ಮ, ವಯಸ್ಸು, ವರಮಾನ ಇವು ಯಾವುವೂ ಇರುವುದಿಲ್ಲ. ಎಣಿಕೆ ಮುಗಿದ ಮೇಲೆ ದೊರೆಯುವುದು ಇಂತಹ ಊರಿನಲ್ಲಿ ಇಂತಹ ಪಕ್ಷಕ್ಕೆ ಇಷ್ಟು ಮತ ಬಂದಿತೆಂಬ ಲೆಕ್ಕ ಮಾತ್ರ. ಹೀಗಿರಲು, ಒಂದು ಪಕ್ಷವು ಹಠಾತ್ತಾಗಿ ಬೆಳೆದಾಗ ಅದಕ್ಕೆ ಮತ ಕೊಟ್ಟವರು ಯಾರು, ಏತಕ್ಕಾಗಿ ಕೊಟ್ಟರು ಎಂಬ ಪ್ರಶ್ನೆಗೆ ಉತ್ತರ ಹೇಳುವುದು ತೋರುವಷ್ಟು ಸುಲಭವಲ್ಲ.

ಆದರೂ ಉತ್ತರಗಳಿಗೆ ಕೊರತೆಯಿಲ್ಲ. ಯುರೋಪಿನ ತೀವ್ರ ಬಲಪಂಥದ ಪಕ್ಷಗಳ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ ಇದು: ಹಸಿದವನು, ಕೆಲಸ ಕಳೆದುಕೊಂಡವನು, ಬೇರೆ ಗತಿಯಿಲ್ಲದವನು ಸಿಟ್ಟಿನಿಂದ ಕೊಟ್ಟ ಮತವೇ ಈ ಪಕ್ಷಗಳ ಬಲ. ಈ ಮಾತಿನಲ್ಲಿ ಕರುಣೆಯುಂಟು. ಕೇಳುವುದಕ್ಕೂ ಇದು ಯುಕ್ತವಾಗಿಯೇ ಇದೆ. ಆದರೆ ತೊಂಬತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವ ಸಂಶೋಧನೆಯು ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಕಳೆದುಕೊಂಡವನಿಗಿಂತಲೂ ಕಳೆದುಕೊಂಡೇನೆಂದು ಅಂಜುವವನೇ ಆ ಪಕ್ಷಗಳ ಕಡೆಗೆ ಹೆಚ್ಚಾಗಿ ವಾಲುತ್ತಾನೆ. ಅವನೂ ಹಳೆಯ ಪಕ್ಷವೊಂದರ ಕಟ್ಟು ಸಡಿಲವಾದಾಗಲೇ ವಾಲುತ್ತಾನೆ. ಇದು ಆ ಸಂಶೋಧನೆಯಿಂದ ತಿಳಿಯಬರುವ ಮುಖ್ಯಾಂಶ. ಜರ್ಮನಿಯ ೧೯೨೮-೧೯೩೩ರ ಚುನಾವಣೆಗಳನ್ನೂ ಈಚಿನ ಪಶ್ಚಿಮ ಯುರೋಪನ್ನೂ ಮುಂದಿಟ್ಟುಕೊಂಡು ಇದನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ರೋಗನಿದಾನ ತಪ್ಪಿದರೆ ಚಿಕಿತ್ಸೆಯೂ ತಪ್ಪುವುದಾದ ಕಾರಣ, ಇದು ಬರಿಯ ಪಾಂಡಿತ್ಯದ ವಿಷಯವಲ್ಲ.

೨. ಶಬ್ದಾರ್ಥ

ಮೊದಲು ಕೆಲವು ಶಬ್ದಗಳ ಅರ್ಥವನ್ನು ನಿಷ್ಕರ್ಷೆ ಮಾಡಿಕೊಳ್ಳಬೇಕು. ಕನ್ನಡದಲ್ಲಿ 'ಮತ'ವೆಂಬ ಒಂದೇ ಶಬ್ದವು ಅಭಿಪ್ರಾಯಕ್ಕೂ ಧರ್ಮಕ್ಕೂ ಓಟಿಗೂ ಸಲ್ಲುತ್ತದೆ. ಇಲ್ಲಿ ಅದನ್ನು ಓಟಿನ ಅರ್ಥದಲ್ಲಿ ಮಾತ್ರ ಬಳಸಿದೆ. 'ಬಲಪಂಥ'ವೆಂಬುದು ೧೭೮೯ರ ಫ್ರಾನ್ಸಿನ ರಾಷ್ಟ್ರಸಭೆಯಲ್ಲಿ ಅರಸನ ಪಕ್ಷದವರು ಅಧ್ಯಕ್ಷನ ಬಲಗಡೆಯಲ್ಲಿ ಕುಳಿತುದರಿಂದ ಹುಟ್ಟಿದ ಮಾತು.

'ಪಾಪ್ಯುಲಿಸಂ' ಎಂಬ ಮಾತಿನ ಮೂಲವು ಜನವೆಂಬ ಅರ್ಥದ ಲ್ಯಾಟಿನ್ ಶಬ್ದ. ಅಮೆರಿಕದಲ್ಲಿ ೧೮೯೦ರ ದಶಕದ ರೈತರ ಪಕ್ಷವೊಂದರವರಿಗೆ 'ಪಾಪ್ಯುಲಿಸ್ಟ'ರೆಂಬ ಹೆಸರು ಬಂದಿತ್ತು. ನಮ್ಮಲ್ಲಿ ಇದನ್ನು ಜನಪ್ರಿಯತಾವಾದವೆಂದು ಕರೆಯುವುದುಂಟು. ಇದರಿಂದ ಒಂದು ತೊಡಕಿದೆ. ಅಗ್ಗದ ಅಕ್ಕಿ, ಸಾಲ ಮನ್ನಾ ಮುಂತಾದ 'ಜನಪ್ರಿಯ ಯೋಜನೆ'ಗಳೇ ಈ ವಾದದ ಲಕ್ಷಣವೆಂದು ನಮ್ಮ ವಾಚಕರಿಗೆ ತೋರಬಹುದು. ಸಂಶೋಧಕರ ಅರ್ಥ ಬೇರೆ. ಸಮಾಜವೆಂಬುದು ಎರಡೇ ಭಾಗ, ಒಂದು ಕಡೆ ನಿಷ್ಕಪಟವಾದ ಏಕಜನ, ಇನ್ನೊಂದು ಕಡೆ ಅದಕ್ಕೆ ದ್ರೋಹ ಮಾಡಿದ ಮೇಲಿನವರ ಕೂಟ. ರಾಜಕೀಯವು ಆ ಏಕಜನದ ಇಚ್ಛೆಯನ್ನು ನಡೆಸತಕ್ಕದ್ದು, ಆ ಇಚ್ಛೆಯನ್ನು ಬಲ್ಲವರು ತಾವು ಮಾತ್ರ ಎಂಬ ಭಾವನೆಯೇ ಜನಪ್ರಿಯತಾವಾದ. ಹಂಚಿಕೊಡುವುದಕ್ಕೂ ಇದಕ್ಕೂ ನಿಯತವಾದ ಸಂಬಂಧವಿಲ್ಲ.

ಡಚ್ ವಿದ್ವಾಂಸನಾದ ಕಾಸ್ ಮುಡ್ಡೆಯು ಪೂರ್ವದ ಗೊಂದಲಕ್ಕೆಲ್ಲ ಒಂದು ವ್ಯವಸ್ಥೆಯನ್ನು ತಂದು, ೨೦೦೭ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಪಕ್ಷಗಳಿಗೆ ಮೂರು ಲಕ್ಷಣಗಳನ್ನು ಹೇಳಿದನು. ದೇಶವು ಅಲ್ಲಿಯೇ ಹುಟ್ಟಿದ ಜನಕ್ಕೆ ಮಾತ್ರ ಸೇರಿದುದು, ಪರರಿಂದ ಅದಕ್ಕೆ ಅಪಾಯವೆಂಬುದು ಮೊದಲನೆಯದು, ಇದನ್ನು ಸ್ವಜನವಾದವೆನ್ನಬಹುದು. ಕಟ್ಟುನಿಟ್ಟಾದ ಶಾಸನವೂ ತಪ್ಪಿದವರಿಗೆ ಕಠಿನ ಶಿಕ್ಷೆಯೂ ಇರಬೇಕೆಂಬ ದಂಡನಿಷ್ಠೆ ಎರಡನೆಯದು. ಮೇಲೆ ಹೇಳಿದ ಜನಪ್ರಿಯತಾವಾದ ಮೂರನೆಯದು. 'ತೀವ್ರ'ಕ್ಕೂ 'ಉಗ್ರ'ಕ್ಕೂ ಭೇದವನ್ನು ಮರೆಯಬಾರದು. ಚುನಾವಣೆಯನ್ನು ಒಪ್ಪಿಕೊಂಡು, ಅಲ್ಪಸಂಖ್ಯಾತರ ಹಕ್ಕು, ನ್ಯಾಯಾಲಯಗಳ ಸ್ವಾತಂತ್ರ್ಯ ಮುಂತಾದ ಕಟ್ಟುಗಳನ್ನು ಅಲ್ಲಗಳೆಯುವುದು ತೀವ್ರ ಬಲಪಂಥ; ಪ್ರಜಾಪ್ರಭುತ್ವವನ್ನೇ ಅಲ್ಲಗಳೆಯುವುದು ಉಗ್ರ ಬಲಪಂಥ. ಹಿಟ್ಲರನ ನಾಜಿ ಪಕ್ಷವು ಎರಡನೆಯ ಜಾತಿಗೆ ಸೇರಿದುದು. ಅದನ್ನೂ ಇಂದಿನ ಪಕ್ಷಗಳನ್ನೂ ಒಂದೇ ಎನ್ನುವುದು ನಮ್ಮ ಅಭಿಪ್ರಾಯವಲ್ಲ. ಮತದಾರನನ್ನು ಕುರಿತ ಸಂಶೋಧನೆಯು ಅಲ್ಲಿ ಮೊದಲಾಯಿತು. ಅದರ ವಿಧಾನವೂ ಅಲ್ಲಿಯೇ ಪರೀಕ್ಷೆಗೆ ಗುರಿಯಾಯಿತು. ಆದುದರಿಂದ ಅಲ್ಲಿಂದಲೇ ತೊಡಗಬೇಕಾಗಿದೆ.

೩. ಪೂರ್ವಪಕ್ಷ

ಜರ್ಮನಿಯಲ್ಲಿ ೧೯೨೮ರ ಮೇ ತಿಂಗಳ ಚುನಾವಣೆಯಲ್ಲಿ ನಾಜಿ ಪಕ್ಷಕ್ಕೆ ಬಂದ ಮತ ಶೇಕಡ ೨.೬. ೧೯೩೦ರ ಸೆಪ್ಟೆಂಬರಿನಲ್ಲಿ ಅದು ಶೇಕಡ ೧೮.೩ ಆಯಿತು, ೧೯೩೨ರ ಜುಲೈಯಲ್ಲಿ ಶೇಕಡ ೩೭.೩. ಇದೇ ಅವಧಿಯಲ್ಲಿ ನಿರುದ್ಯೋಗಿಗಳ ಸಂಖ್ಯೆಯು ಸುಮಾರು ೧೪ ಲಕ್ಷದಿಂದ ಏರುತ್ತ, ೧೯೩೨ರ ಆರಂಭದಲ್ಲಿ ೬೦ ಲಕ್ಷವನ್ನು ಮೀರಿತು. ಎರಡು ಗೆರೆಗಳೂ ಒಟ್ಟಿಗೆ ಏರಿದುವು. ಇದನ್ನು ನೋಡಿದವರು, ಕೆಲಸ ಹೋದವನೇ ನಾಜಿಗಳಿಗೆ ಮತ ಕೊಟ್ಟವನೆಂದು ನಿರ್ಣಯಿಸಿದುದು ಆಶ್ಚರ್ಯವಲ್ಲ.

ಈ ತರ್ಕದಲ್ಲಿರುವ ದೋಷವನ್ನು ೧೯೫೦ರಲ್ಲಿ ಡಬ್ಲ್ಯು. ಎಸ್. ರಾಬಿನ್ಸನ್ ಎಂಬ ಅಮೆರಿಕದ ವಿದ್ವಾಂಸನು ಒಂದು ಚಿಕ್ಕ ಲೇಖನದಲ್ಲಿ ಎತ್ತಿತೋರಿಸಿದನು. ಅವನ ಉದಾಹರಣೆ ಚುನಾವಣೆಯದಲ್ಲ, ಅಕ್ಷರಜ್ಞಾನದ್ದು. ಅಮೆರಿಕದ ೧೯೩೦ರ ಜನಗಣತಿಯನ್ನು ಸಂಸ್ಥಾನ ಸಂಸ್ಥಾನವಾಗಿ ಹೋಲಿಸಿದರೆ, ಹೊರದೇಶಗಳಲ್ಲಿ ಹುಟ್ಟಿದವರು ಹೆಚ್ಚಾಗಿರುವ ಕಡೆ ನಿರಕ್ಷರತೆ ಕಡಮೆ. ಇವೆರಡರ ಸಹಸಂಬಂಧವು ಋಣ ೦.೫೩. ಹೊರಗಿನಿಂದ ಬಂದವರು ಹೆಚ್ಚು ಓದುಬರಹ ಬಲ್ಲವರೆಂದು ಇದರಿಂದ ತೋರುವುದು. ಆದರೆ ಒಬ್ಬೊಬ್ಬ ವ್ಯಕ್ತಿಯನ್ನೂ ತೆಗೆದುಕೊಂಡು ಲೆಕ್ಕ ಮಾಡಿದರೆ ಸಹಸಂಬಂಧವು ಧನ ೦.೧೨, ಎಂದರೆ ಹೊರಗಿನಿಂದ ಬಂದವರಲ್ಲಿಯೇ ನಿರಕ್ಷರತೆ ಹೆಚ್ಚು. ಈ ವಿರೋಧಕ್ಕೆ ಸಮಾಧಾನವು ಸರಳವಾದುದು. ವಲಸೆ ಬಂದವರು ಸ್ಥಳೀಕರು ಚೆನ್ನಾಗಿ ಓದಿಕೊಂಡಿದ್ದ ಸಂಸ್ಥಾನಗಳಲ್ಲಿ ನೆಲಸಿದ್ದರು. ಪ್ರದೇಶದ ಗುಣವನ್ನು ವ್ಯಕ್ತಿಯ ಗುಣವೆಂದು ಆರೋಪಿಸಬಾರದೆಂಬ ಈ ಎಚ್ಚರಿಕೆಯು ಚುನಾವಣೆಯ ಸಂಶೋಧನೆಯಲ್ಲಿ ಪ್ರಮಾಣಸೂತ್ರವಾಗಿ ನಿಂತಿದೆ. ನಿರುದ್ಯೋಗ ಹೆಚ್ಚಿದ ವರ್ಷದಲ್ಲಿ ನಾಜಿಗಳಿಗೆ ಮತ ಹೆಚ್ಚಿತೆಂಬುದರಿಂದ ನಿರುದ್ಯೋಗಿಯೇ ಆ ಮತವನ್ನು ಕೊಟ್ಟನೆಂದು ಸಿದ್ಧವಾಗುವುದಿಲ್ಲ.

೪. ಜರ್ಮನಿಯ ಮತದಾರನು

ಸಮಕಾಲೀನರಲ್ಲಿಯೇ ಕೆಲವರು ಬೇರೆ ದಾರಿಯನ್ನು ಹಿಡಿದಿದ್ದರು. ಸಮಾಜಶಾಸ್ತ್ರಜ್ಞನಾದ ಥಿಯೊಡೋರ್ ಗೈಗರ್ ೧೯೩೦ರ ಚುನಾವಣೆಯಾದ ಕೂಡಲೇ ಬರೆದ ಲೇಖನದಲ್ಲಿ, ಇದು ಮಧ್ಯಮ ವರ್ಗದ ದಿಗಿಲೆಂದು ವಿವರಿಸಿದನು. ರುಡಾಲ್ಫ್ ಹೆಬರ್ಲೆ ಎಂಬವನು ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತವನ್ನು ಹಳ್ಳಿ ಹಳ್ಳಿಯಾಗಿ ಪರಿಶೀಲಿಸಿದನು. ೧೯೩೨ರ ಜುಲೈಯಲ್ಲಿ ನಾಜಿಗಳಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂದ ಪ್ರಾಂತ ಅದು. ಅಲ್ಲಿ ಆ ಪಕ್ಷದ ಬಲವಾದ ನೆಲೆಯು ಕೂಲಿಯಾಳುಗಳ ದೊಡ್ಡ ಜಹಗೀರುಗಳಲ್ಲಿರಲಿಲ್ಲ. ಮರಳು ನೆಲದ ನಡುನಾಡಿನಲ್ಲಿ, ತಮ್ಮ ಚಿಕ್ಕ ಹಿಡುವಳಿಯನ್ನು ತಾವೇ ಉತ್ತು ದನ ಸಾಕಿ ಬಾಳುತ್ತಿದ್ದ ಒಕ್ಕಲು ಮನೆಗಳಲ್ಲಿತ್ತು. ಅವರು ನಿರ್ಗತಿಕರಲ್ಲ. ಬೆಲೆ ಕುಸಿದು, ಸಾಲ ಏರಿ, ತಲೆಮಾರುಗಳಿಂದ ಬಂದ ಭೂಮಿಯು ಹರಾಜಿಗೆ ಹೋದೀತೆಂದು ಹೆದರಿದವರು. ಹೆಬರ್ಲೆಯ ಗ್ರಂಥವು ಅವನು ಅಮೆರಿಕಕ್ಕೆ ಹೋದ ಮೇಲೆ ೧೯೪೫ರಲ್ಲಿ ಬೆಳಕು ಕಂಡಿತು.

ಬಳಿಕ ೧೯೮೨ರಲ್ಲಿ ರಿಚರ್ಡ್ ಹ್ಯಾಮಿಲ್ಟನ್ ದೊಡ್ಡ ನಗರಗಳ ಬಡಾವಣೆಗಳನ್ನು ಬಿಡಿಬಿಡಿಯಾಗಿ ನೋಡಿ, ಸಿರಿವಂತರ ಬಡಾವಣೆಗಳಲ್ಲಿಯೂ ನಾಜಿ ಮತವು ಹೇರಳವಾಗಿದ್ದುದನ್ನು ತೋರಿಸಿದನು. ೧೯೯೧ರಲ್ಲಿ ಯೂರ್ಗೆನ್ ಫಾಲ್ಟರನು ದೇಶದ ಎಲ್ಲ ಜಿಲ್ಲೆಗಳ ಅಂಕಿಗಳನ್ನು ಗಣಿತಕ್ಕೆ ಒಳಪಡಿಸಿ ಎರಡು ಕಡೆಯ ಅತಿವಾದವನ್ನೂ ತಿದ್ದಿದನು. ನಾಜಿ ಮತದಾರರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಕಾರ್ಮಿಕ ಕುಟುಂಬಗಳವರೇ ಆಗಿದ್ದರು. ಆದುದರಿಂದ ಅದು ಮಧ್ಯಮ ವರ್ಗದ ಪಕ್ಷ ಮಾತ್ರವೆಂಬುದು ಸಲ್ಲದು. ಆದರೆ ನಿರುದ್ಯೋಗ ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ನಾಜಿ ಮತವು ಹೆಚ್ಚಾಗಿರುವುದರ ಬದಲು ಕಡಮೆಯಾಗಿತ್ತು. ಕೆಲಸ ಕಳೆದುಕೊಂಡವರು ಎಲ್ಲಿಗೆ ಹೋದರು? ಹೆಚ್ಚಾಗಿ ಕಮ್ಯೂನಿಸ್ಟ್ ಪಕ್ಷಕ್ಕೆ. ಆ ಪಕ್ಷದ ಮತವೂ ೧೯೨೮ರಲ್ಲಿ ಶೇಕಡ ೧೦.೬ ಇದ್ದುದು ೧೯೩೨ರ ನವೆಂಬರಿನಲ್ಲಿ ಶೇಕಡ ೧೬.೯ಕ್ಕೆ ಏರಿತು. ೨೦೦೮ರಲ್ಲಿ ಗ್ಯಾರಿ ಕಿಂಗ್ ಮತ್ತು ಅವನ ಸಂಗಡಿಗರು ಹೊಸ ಗಣಿತವಿಧಾನದಿಂದ ಇದನ್ನೇ ಮತ್ತೆ ಪರೀಕ್ಷಿಸಿ, ಕೆಲಸ ಹೋಗುವ ಭಯ ಕಡಮೆಯಿದ್ದರೂ ಕೈ ಬರಿದಾಗುತ್ತಿದ್ದ ಚಿಕ್ಕ ಅಂಗಡಿಕಾರರು, ಕುಶಲಕರ್ಮಿಗಳು, ಚಿಕ್ಕ ರೈತರು ಇವರೇ ನಾಜಿಗಳ ಕಡೆಗೆ ಅತಿಶಯವಾಗಿ ತಿರುಗಿದವರೆಂದು ಕಂಡುಕೊಂಡರು.

ಎಲ್ಲ ಅಂಕಿಗಳಲ್ಲಿಯೂ ಎದ್ದು ಕಾಣುವ ಭೇದ ಮಾತ್ರ ವರ್ಗದ್ದಲ್ಲ, ಧರ್ಮದ್ದು. ಅದೇ ಕಸಬು, ಅದೇ ಸಾಲ, ಅದೇ ಬೆಲೆಯ ಕುಸಿತವಿದ್ದರೂ ಪ್ರಾಟೆಸ್ಟಂಟರು ಕ್ಯಾಥೊಲಿಕರಿಗಿಂತ ಎರಡು ಪಾಲಿಗೂ ಮೀರಿ ನಾಜಿಗಳಿಗೆ ಮತ ಕೊಟ್ಟರು. ಕ್ಯಾಥೊಲಿಕರಿಗೆ 'ತ್ಸೆಂಟ್ರುಮ್' ಎಂಬ ತಮ್ಮದೇ ಪಕ್ಷವಿತ್ತು. ಅದರ ಹಿಂದೆ ಚರ್ಚು, ಶಾಲೆ, ರೈತಸಂಘ, ಪತ್ರಿಕೆ ಎಲ್ಲವೂ ನಿಂತಿದ್ದುವು. ೧೯೩೨ರ ಬಿರುಗಾಳಿಯಲ್ಲಿಯೂ ಅದರ ಮತವು ಹೆಚ್ಚು ಕಡಮೆ ಮೊದಲಿನಷ್ಟೇ ಉಳಿಯಿತು. ಪ್ರಾಟೆಸ್ಟಂಟ್ ರೈತನೂ ವರ್ತಕನೂ ನಂಬಿದ್ದ ಉದಾರವಾದಿ ಪಕ್ಷಗಳಾದರೋ ಆ ವೇಳೆಗೆ ಪುಡಿಪುಡಿಯಾಗಿದ್ದುವು.

ಇದರಿಂದ, ಸಾಮಾಜಿಕ ಬಂಧಗಳಿದ್ದರೆ ಸಾಕು, ಜನರು ತೀವ್ರ ಪಕ್ಷಗಳಿಗೆ ಒಲಿಯುವುದಿಲ್ಲವೆಂದು ತಿಳಿಯಬಾರದು. ಶ್ಲೆಸ್ವಿಗ್-ಹೋಲ್‌ಸ್ಟೈನಿನ ಹಳ್ಳಿಗಳಲ್ಲಿ ನೆರೆಹೊರೆಯ ಸಂಬಂಧವು ಬಿಗಿಯಾಗಿಯೇ ಇತ್ತು. ೨೦೧೭ರಲ್ಲಿ ಪ್ರಕಟವಾದ ಸತ್ಯನಾಥ್, ಫೋಯ್ಟ್‌ಲೆಂಡರ್, ಫೋತ್ ಎಂಬವರ ಸಂಶೋಧನೆಯು ಇನ್ನೂ ಮುಂದೆ ಹೋಗಿ, ಗಾಯನಮಂಡಲಿ, ವ್ಯಾಯಾಮಸಂಘ ಮುಂತಾದ ಕೂಟಗಳು ದಟ್ಟವಾಗಿದ್ದ ಪಟ್ಟಣಗಳಲ್ಲಿಯೇ ನಾಜಿ ಪಕ್ಷಕ್ಕೆ ಸದಸ್ಯರು ಬೇಗ ಸೇರಿದರೆಂದು ತೋರಿಸಿದೆ. ಕೂಟವು ಸುದ್ದಿಯನ್ನು ಸಾಗಿಸುವ ಕಾಲುವೆ. ಅದರಲ್ಲಿ ಹರಿಯುವ ನೀರು ಯಾವುದೆಂಬುದನ್ನು ಕಾಲುವೆಯು ನಿರ್ಣಯಿಸುವುದಿಲ್ಲ. ತಡೆದು ನಿಲ್ಲಿಸಿದುದು ಬರಿಯ ಸಂಬಂಧವಲ್ಲ, ಬೇರೊಂದು ಪಕ್ಷದೊಡನೆ ಇದ್ದ ಸಂಬಂಧ.

೫. ಈಚಿನ ಯುರೋಪು

ಅಂದಿಗೂ ಇಂದಿಗೂ ಕಾಲದೇಶಗಳು ಬೇರೆ. ಈಗ ಸಂಶೋಧಕನು ಜಿಲ್ಲೆಯ ಮೊತ್ತವನ್ನೇ ನೆಚ್ಚಬೇಕಾಗಿಲ್ಲ, ಮತದಾರನನ್ನೇ ಪ್ರಶ್ನಿಸಬಹುದು. ಇದರಲ್ಲಿಯೂ ತೊಡಕಿಲ್ಲದಿಲ್ಲ. ನಿಂದೆಗೆ ಅಂಜಿ ನಿಜವನ್ನು ಮುಚ್ಚುವವರುಂಟು; ಫ್ರಾನ್ಸಿನ ಸಮೀಕ್ಷಕರು ಇದಕ್ಕಾಗಿ ಬಹುಕಾಲ ತಮ್ಮ ಅಂಕಿಗಳನ್ನು ತಿದ್ದಿಕೊಳ್ಳಬೇಕಾಗಿತ್ತು. ಆದರೂ ವ್ಯಕ್ತಿಯ ಸ್ಥಿತಿಯನ್ನೂ ಅವನ ಮತವನ್ನೂ ಒಟ್ಟಿಗೆ ನೋಡಲು ಸಾಧ್ಯವಾದುದು ದೊಡ್ಡ ಲಾಭ.

ಫ್ರಾನ್ಸಿನ ನ್ಯಾಷನಲ್ ಫ್ರಂಟ್ ಪಕ್ಷವನ್ನು ನೋಡೋಣ. ೧೯೭೨ರಲ್ಲಿ ಹುಟ್ಟಿದ ಈ ಪಕ್ಷದ ನಾಯಕ ಝಾನ್-ಮಾರಿ ಲೆ ಪೆನ್‌ಗೆ ೧೯೭೪ರ ಅಧ್ಯಕ್ಷ ಚುನಾವಣೆಯಲ್ಲಿ ಬಂದ ಮತ ಶೇಕಡ ಒಂದಕ್ಕೂ ಕಡಮೆ. ೧೯೮೪ರ ಯುರೋಪಿಯನ್ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಅದು ಶೇಕಡ ೧೧ರ ಹತ್ತಿರಕ್ಕೆ ಬಂದಿತು. ೨೦೦೨ರಲ್ಲಿ ಲೆ ಪೆನ್ ಅಧ್ಯಕ್ಷ ಚುನಾವಣೆಯ ಎರಡನೆಯ ಸುತ್ತನ್ನು ಮುಟ್ಟಿ, ಅಲ್ಲಿ ಶೇಕಡ ೧೭.೮ ಪಡೆದನು. ಅವನ ಮಗಳಾದ ಮರೀನ್ ಲೆ ಪೆನ್ ಅದೇ ಎರಡನೆಯ ಸುತ್ತಿನಲ್ಲಿ ೨೦೧೭ರಲ್ಲಿ ಶೇಕಡ ೩೩.೯ನ್ನೂ ೨೦೨೨ರಲ್ಲಿ ಶೇಕಡ ೪೧.೫ನ್ನೂ ಪಡೆದಳು. ನಡುವೆ, ೨೦೧೮ರಲ್ಲಿ, ಪಕ್ಷದ ಹೆಸರು ಬದಲಾಯಿತು. ಮೊದಲು ಗಂಡಸರ ಪಕ್ಷವೆನಿಸಿಕೊಂಡಿದ್ದುದು ಮಗಳ ಕಾಲದಲ್ಲಿ ಹೆಂಗಸರ ಮತವನ್ನೂ ಹೆಚ್ಚು ಕಡಮೆ ಸಮವಾಗಿ ಗಳಿಸಿತೆಂಬುದನ್ನು ನೊನ್ನಾ ಮಾಯರ್ ಎಂಬ ವಿದುಷಿಯು ತೋರಿಸಿದ್ದಾಳೆ.

ಈ ಬಗೆಯ ಪಕ್ಷಗಳ ಮತದಾರರನ್ನು ಒಂದುಗೂಡಿಸುವುದು ಯಾವುದು? ಬರಿಯ ಪ್ರತಿಭಟನೆಯೆಂಬ ಮಾತನ್ನು ೨೦೦೦ದಲ್ಲಿ ವಾನ್ ಡರ್ ಬ್ರುಗ್ ಮೊದಲಾದವರು ಪರೀಕ್ಷಿಸಿದರು. ಬಹುಮಟ್ಟಿಗೆ ಈ ಮತದಾರರೂ ಇತರರಂತೆ ತಮ್ಮ ಅಭಿಪ್ರಾಯಕ್ಕೆ ಹತ್ತಿರವಾದ ಪಕ್ಷವನ್ನೇ ಆರಿಸುತ್ತಾರೆಂದು ಅವರು ಕಂಡರು. ಎಲಿಸಬೆತ್ ಈವರ್ಸ್‌ಫ್ಲಾಟೆನ್ ೨೦೦೮ರಲ್ಲಿ ಏಳು ದೇಶಗಳನ್ನು ಹೋಲಿಸಿದಳು. ಹಣಕಾಸಿನ ಅಸಮಾಧಾನ, ಅಧಿಕಾರಸ್ಥರ ಮೇಲಣ ಅಪನಂಬಿಕೆ, ವಲಸೆಯ ಮೇಲಣ ಅಸಮಾಧಾನ ಇವುಗಳಲ್ಲಿ ಯಶಸ್ವಿಯಾದ ಎಲ್ಲ ಪಕ್ಷಗಳಲ್ಲಿಯೂ ತಪ್ಪದೆ ಕಾಣಿಸಿಕೊಂಡುದು ಕೊನೆಯದೊಂದೇ.

ಹಾಗಾದರೆ ಜೀವನೋಪಾಯಕ್ಕೂ ಈ ಮತಕ್ಕೂ ಸಂಬಂಧವೇ ಇಲ್ಲವೆ? ಉಂಟು, ಆದರೆ ನೇರವಾಗಿಯಲ್ಲ. ಥಾಮಸ್ ಕುರರ್ ಎಂಬವನು ೨೦೨೦ರಲ್ಲಿ, ಮೂರು ದೇಶಗಳಲ್ಲಿ ಅವೇ ವ್ಯಕ್ತಿಗಳನ್ನು ವರ್ಷವರ್ಷವೂ ಪ್ರಶ್ನಿಸಿ ಕೂಡಿಸಿದ ಸಾಮಗ್ರಿಯಿಂದ, ಯಂತ್ರಗಳು ನುಂಗುತ್ತಿರುವ ಕಸಬುಗಳ ಜನರನ್ನು ಅನುಸರಿಸಿದನು. ಕಾರಖಾನೆಯ ಯಂತ್ರ ನಡೆಸುವವರು, ಕಛೇರಿಯ ಗುಮಾಸ್ತರು ಮುಂತಾದವರು ಇವರು. ಇವರಲ್ಲಿ ಕೆಲಸವನ್ನು ನಿಜವಾಗಿ ಕಳೆದುಕೊಂಡವರು ಮತಗಟ್ಟೆಗೆ ಹೋಗುವುದನ್ನೇ ಬಿಡುವುದು ಹೆಚ್ಚು. ತೀವ್ರ ಬಲಪಂಥದ ಕಡೆಗೆ ತಿರುಗಿದವರು ಕೆಲಸದಲ್ಲಿ ಉಳಿದುಕೊಂಡೇ, ಸುತ್ತಲಿನ ಕಸಬುಗಳು ಮೇಲೇರುತ್ತ ತಮ್ಮದು ಇಳಿಯುತ್ತಿರುವುದನ್ನು ನೋಡುತ್ತಿದ್ದವರು. ನೋಮ್ ಗಿಡ್ರೋನ್, ಪೀಟರ್ ಹಾಲ್ ಎಂಬಿಬ್ಬರು ೨೦೧೭ರಲ್ಲಿ ಇದಕ್ಕೆ ಇನ್ನೊಂದು ಮಾತನ್ನು ಕೂಡಿಸಿದರು: ಇಳಿಯುವುದು ಕೂಲಿ ಮಾತ್ರವಲ್ಲ, ಮರ್ಯಾದೆ. ಸಮಾಜದಲ್ಲಿ ತನಗಿರುವ ಸ್ಥಾನವು ಕೆಳಗಿನದೆಂದು ಎಣಿಸುವವನು ಈ ಪಕ್ಷಗಳಿಗೆ ಒಲಿಯುವ ಸಂಭವ ಹೆಚ್ಚು. ಅರ್ಥಕಾರಣವೋ ಸಂಸ್ಕೃತಿಕಾರಣವೋ ಎಂದು ವಿದ್ವಾಂಸರಲ್ಲಿ ನಡೆದ ದೀರ್ಘವಾದವು ಇಲ್ಲಿ ಒಂದು ಸಂಧಿಗೆ ಬರುತ್ತದೆ. ಏಕೆಂದರೆ ಮರ್ಯಾದೆಯೆಂಬುದು ಎರಡೂ ಹೊಳೆಗಳು ಕೂಡುವ ಸ್ಥಳ.

ಜರ್ಮನಿಯ ಕ್ಯಾಥೊಲಿಕರ ವಿಷಯವೂ ಇಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ೨೦೦೯ರಲ್ಲಿ ಆರ್ಟ್ಸ್‌ಹೈಮರ್, ಕಾರ್ಟರ್ ಎಂಬವರು ಪಶ್ಚಿಮ ಯುರೋಪಿನ ಧರ್ಮನಿಷ್ಠರನ್ನು ಪರಿಶೀಲಿಸಿದರು. ವಲಸೆಗಾರರನ್ನು ಕುರಿತ ಭಾವನೆಯಲ್ಲಿ ಇವರಿಗೂ ಇತರರಿಗೂ ಹೇಳಿಕೊಳ್ಳುವಂತಹ ಭೇದವಿಲ್ಲ. ಆದರೂ ಇವರು ತೀವ್ರ ಬಲಪಂಥಕ್ಕೆ ಅಷ್ಟಾಗಿ ಮತ ಕೊಡುವುದಿಲ್ಲ. ಕ್ರೈಸ್ತ ಪ್ರಜಾಪ್ರಭುತ್ವವಾದಿ ಪಕ್ಷಗಳೊಡನೆ ಇವರಿಗಿರುವ ಹಳೆಯ ಕಟ್ಟೇ ಅದಕ್ಕೆ ಕಾರಣ. ಇದರಿಂದ, ಆ ಕಟ್ಟು ಕಳಚಿದರೆ ತಡೆಯೂ ಕಳಚೀತೆಂಬುದನ್ನು ಊಹಿಸಬಹುದು.

೬. ಇತರ ಪಕ್ಷಗಳ ನಡತೆ

ಅಂಜಿಕೆಯಿದ್ದು ಕಟ್ಟು ಸಡಿಲವಾದಾಗ, ಉಳಿದ ಪಕ್ಷಗಳು ಏನು ಮಾಡಿದುವೆಂಬುದೂ ಗಣನೆಗೆ ಬರುತ್ತದೆ. ತೀವ್ರ ಪಕ್ಷದ ಮಾತನ್ನೇ ತಾವೂ ಸ್ವಲ್ಪ ಆಡಿದರೆ ಅದರ ಮತದಾರರು ತಮ್ಮ ಕಡೆಗೆ ಬಂದಾರೆಂದು ಗಣ್ಯ ಪಕ್ಷಗಳು ಎಣಿಸುವುದು ಸಹಜ. ಜರ್ಮನಿಯ ಸಂಪ್ರದಾಯವಾದಿ ರಾಷ್ಟ್ರೀಯ ಜನಪಕ್ಷದ ನಾಯಕ ಹುಗೆನ್‌ಬರ್ಗನು ೧೯೨೯ರಲ್ಲಿ, ಯುದ್ಧಪರಿಹಾರದ ಯಂಗ್ ಯೋಜನೆಯ ವಿರುದ್ಧ ಜನಮತಗಣನೆಯೊಂದನ್ನು ಎತ್ತಿ, ಹಿಟ್ಲರನನ್ನು ತನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡನು. ಗಣನೆಯು ಸೋತಿತು. ಮರುವರ್ಷದ ಚುನಾವಣೆಯಲ್ಲಿ ಹುಗೆನ್‌ಬರ್ಗನ ಪಕ್ಷದ ಮತವು ಶೇಕಡ ೧೪.೨ರಿಂದ ೭.೦ಕ್ಕೆ ಇಳಿಯಿತು; ಹಿಟ್ಲರನದು ಏಳು ಪಾಲು ಬೆಳೆಯಿತು. ಪಕ್ಷವು ಒಡೆದುದೂ ಈ ಇಳಿತಕ್ಕೆ ಒಂದು ಕಾರಣವೆಂಬುದು ನಿಜ. ಆದರೆ ಒಡೆಯುವುದಕ್ಕೂ ಹುಗೆನ್‌ಬರ್ಗನ ಈ ನೀತಿಯೇ ಬಹುಮಟ್ಟಿಗೆ ಕಾರಣವಾಗಿತ್ತು.

ಒಂದು ಉದಾಹರಣೆಯಿಂದ ನಿಯಮ ಸಿದ್ಧವಾಗುವುದಿಲ್ಲ. ಈಚೆಗೆ ಕ್ರೌಸೆ, ಕೊಹೆನ್, ಅಬೂ-ಶಾದಿ ಎಂಬ ಮೂವರು ಪಶ್ಚಿಮ ಯುರೋಪಿನ ಹಲವು ದಶಕಗಳ ಚುನಾವಣೆಗಳನ್ನು ಹೋಲಿಸಿ, ಗಣ್ಯ ಪಕ್ಷಗಳು ವಲಸೆಯ ವಿಷಯದಲ್ಲಿ ತೀವ್ರ ಬಲಪಂಥದ ನಿಲುವಿಗೆ ಸರಿದುದರಿಂದ ಅದರ ಮತವು ಕಡಮೆಯಾದುದಕ್ಕೆ ಆಧಾರವಿಲ್ಲವೆಂದೂ, ಕೆಲವೆಡೆ ಮತದಾರರು ಅತ್ತಲೇ ಹೆಚ್ಚಾಗಿ ಹರಿದರೆಂದೂ ತೋರಿಸಿದ್ದಾರೆ. ಮಾತು ಒಮ್ಮೆ ಸಭ್ಯರ ಬಾಯಲ್ಲಿ ಬಂದರೆ, ಅದನ್ನು ಆಡಲು ಅಂಜುತ್ತಿದ್ದವನ ಸಂಕೋಚ ಬಿಟ್ಟುಹೋಗುವುದು. ಆ ಮೇಲೆ ಅವನು ನಕಲನ್ನು ಬಿಟ್ಟು ಮೂಲವನ್ನೇ ಆರಿಸುವುದು ಅಸಹಜವಲ್ಲ.

೭. ಒಂದು ಆಕ್ಷೇಪ

ಇದಕ್ಕೆಲ್ಲ ಒಂದು ಬಲವಾದ ಆಕ್ಷೇಪವುಂಟು. ಕೊಲಾಂಟೊನೆ, ಸ್ಟಾನಿಗ್ ಎಂಬವರು ೨೦೧೮ರಲ್ಲಿ ಪಶ್ಚಿಮ ಯುರೋಪಿನ ಹದಿನೈದು ದೇಶಗಳ ೧೯೮೮-೨೦೦೭ರ ಚುನಾವಣೆಗಳನ್ನು ಪರಿಶೀಲಿಸಿ, ಚೀನಾದ ಸರಕಿನ ಪೈಪೋಟಿಗೆ ಹೆಚ್ಚಾಗಿ ಗುರಿಯಾದ ಪ್ರದೇಶಗಳಲ್ಲಿ ರಾಷ್ಟ್ರೀಯವಾದಿ ಹಾಗೂ ತೀವ್ರ ಬಲಪಂಥದ ಪಕ್ಷಗಳ ಮತವು ಬೆಳೆಯಿತೆಂದು ಸಿದ್ಧಪಡಿಸಿದ್ದಾರೆ. ಕಷ್ಟವೇ ಕಾರಣವೆಂಬ ಮೊದಲಿನ ಮಾತು ಇದರಿಂದ ಗೆದ್ದಂತಾಗಲಿಲ್ಲವೆ?

ಇದಕ್ಕೆ ಸಮಾಧಾನವು ರಾಬಿನ್ಸನ್ನನ ಎಚ್ಚರಿಕೆಯಲ್ಲಿಯೇ ಇದೆ. ಪೆಟ್ಟು ಬಿದ್ದುದು ಪ್ರದೇಶಕ್ಕೆ; ಮತ ಕೊಟ್ಟವನು ವ್ಯಕ್ತಿ. ಊರಿನ ಗಿರಣಿ ಮುಚ್ಚಿದಾಗ ಅದರ ಆಳುಗಳು ಮಾತ್ರ ಕೆಲಸ ಕಳೆದುಕೊಳ್ಳುತ್ತಾರೆ. ಆದರೆ ಮುಚ್ಚಿದ ಬಾಗಿಲನ್ನು ಇಡೀ ಊರು ನೋಡುತ್ತದೆ. ಅಂಗಡಿಯವನೂ ಉಪಾಧ್ಯಾಯನೂ ಇನ್ನೊಂದು ಗಿರಣಿಯ ಆಳೂ ನಾಳೆ ತಮ್ಮ ಸರದಿಯೆಂದು ಎಣಿಸತೊಡಗುತ್ತಾರೆ. ಕಷ್ಟವು ಕಾರಣವಲ್ಲವೆಂದು ನಾವು ಹೇಳುವುದಿಲ್ಲ; ಕಷ್ಟಪಟ್ಟವನೇ ಕರ್ತೃವೆಂಬುದನ್ನು ಮಾತ್ರ ಅಲ್ಲಗಳೆಯುತ್ತೇವೆ. ಪ್ರದೇಶದ ಲೆಕ್ಕವೂ ವ್ಯಕ್ತಿಯ ಲೆಕ್ಕವೂ ಹೀಗೆ ಒಂದಕ್ಕೊಂದು ವಿರೋಧವಿಲ್ಲದೆ ನಿಲ್ಲುತ್ತವೆ.

೮. ಉಪಸಂಹಾರ

ಮೇಲಣ ವಿಚಾರದಿಂದ ಫಲಿಸುವುದು ಇಷ್ಟು. ತೀವ್ರ ಬಲಪಂಥದ ಮತದಾರನನ್ನು ಮೂಢನೆಂದು ಹಳಿಯುವುದೂ ದೀನನೆಂದು ಮರುಗುವುದೂ ಅವನನ್ನು ಅರಿಯದ ಮಾತುಗಳೇ. ಅವನಿಗೆ ಉಳಿಸಿಕೊಳ್ಳಬೇಕಾದುದೊಂದು ಇದೆ. ಅದು ಹೋಗುತ್ತಿದೆಯೆಂಬ ಅಂಜಿಕೆಯಿದೆ. ಆ ಅಂಜಿಕೆಗೆ ಉತ್ತರ ಹೇಳಬೇಕಾಗಿದ್ದ ಹಳೆಯ ಪಕ್ಷದ ಮೇಲೆ ನಂಬಿಕೆ ಉಳಿದಿಲ್ಲ. ಆ ತೆರಪಿನಲ್ಲಿ ಬಂದು, ನಿನ್ನ ಇಳಿತಕ್ಕೆ ಇಂತಹ ಪರರೇ ಕಾರಣರೆಂದು ಬೆರಳಿಟ್ಟು ತೋರಿಸುವವನು ಅವನಿಗೆ ಉತ್ತರ ಕೊಟ್ಟಂತೆ ತೋರುತ್ತಾನೆ. ಆ ಉತ್ತರವು ಸುಳ್ಳಾಗಿರಬಹುದು. ಅದರ ಫಲವನ್ನು ಏನೂ ತಪ್ಪು ಮಾಡದ ಅಲ್ಪಸಂಖ್ಯಾತರು ಉಣ್ಣಬೇಕಾಗಿ ಬರುವುದು. ಅಂಜಿಕೆಯನ್ನು ಅರಿತುಕೊಳ್ಳುವುದೆಂದರೆ ಆ ಉತ್ತರವನ್ನು ಒಪ್ಪಿಕೊಂಡಂತಲ್ಲ.

ನಿರುದ್ಯೋಗಿಗೆ ನೆರವು ಕೊಡುವುದು ನ್ಯಾಯವೇ ಸರಿ. ಆದರೆ ಅದೊಂದರಿಂದಲೇ ಈ ಮತವು ತಿರುಗೀತೆಂದು ನಿರೀಕ್ಷಿಸಲಾಗದು. ಕೆಲಸದಲ್ಲಿರುವವನ ಕಸಬಿಗೆ ಮರ್ಯಾದೆ ಉಳಿಯುವುದೆ, ಅವನ ಮಾತನ್ನು ಕೇಳುವ ಸಂಘವೂ ಪಕ್ಷವೂ ಅವನ ಊರಿನಲ್ಲಿ ಇನ್ನೂ ಇವೆಯೆ ಎಂಬುದನ್ನೂ ವಿಚಾರಿಸಬೇಕು. ಚುನಾವಣೆಯ ಫಲಿತಾಂಶ ಬಂದ ಮರುದಿನ ಭೂಪಟದಲ್ಲಿ ಬಣ್ಣಗಳನ್ನು ನೋಡಿ ಕಾರಣ 'ಇದೇ' ಎಂದು ಹೇಳುವವರು ಎದುರಾದಾಗ, ಮತ ಕೊಟ್ಟುದು ಭೂಪಟವಲ್ಲ, ಮನುಷ್ಯನೆಂಬುದನ್ನು ನೆನಪಿಗೆ ತಂದುಕೊಂಡರೆ ಈ ಸಂಶೋಧನೆಯ ಸಾರವು ಕೈಗೆ ಬಂದಂತೆ.